ಅರವಟ್ಟಿಗೆ ಇಟ್ಟೆವು, ಜನ ಇಣುಕಿ ನೋಡಿ ಹೋದರು: ಏಕೆ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಊರು. ಮನೆ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿದೆ. ಹೋದ ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಹರವಿ (ಮಣ್ಣಿನ ದೊಡ್ಡ ಗಡಿಗೆ) ಇಟ್ಟು, ಬೋರ್‌ವೆಲ್ ನೀರು ತುಂಬಿಸಿ, ಮೇಲೊಂದು ಲೋಟ ಇಟ್ಟಿದ್ದೆವು. ಮೊದಲ ವಾರ ಒಂದಷ್ಟು ಜನ ಕುಡಿದರು. ಆಮೇಲೆ ಬಹಳ ಮಂದಿ ಹರವಿಯೊಳಗೆ ಇಣುಕಿ ನೋಡಿ ಹಾಗೇ ಮುಂದೆ ಹೋದರು. ಹತ್ತು ದಿನದಲ್ಲಿ ನೀರು ವಾಸನೆ ಬರತೊಡಗಿತು. ಲೋಟ ಎರಡು ಸಲ ಕಳೆಯಿತು. ಸುತ್ತ ರಾಡಿಯಾಯಿತೆಂದು ಪಕ್ಕದ ಮನೆಯವರು ಬೇಸರಪಟ್ಟರು. ಪೌರಕಾರ್ಮಿಕರಿಗೆ ಬೇರೆ ಲೋಟ ಇಡಿ ಎಂದು ಮನೆಯ ಹಿರಿಯರೊಬ್ಬರು ಹೇಳುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಈ ಸಲ ಯುಗಾದಿಯಿಂದ ಮಳೆ ಹಿಡಿಯುವವರೆಗೆ ನಡೆಸಬೇಕೆಂದಿದ್ದೇವೆ. ವಾರಕ್ಕೊಮ್ಮೆ ಮಜ್ಜಿಗೆ ಕೊಡುವ ಆಸೆಯೂ ಇದೆ. ಮನೆಯಲ್ಲಿರುವವರು ನಾವಿಬ್ಬರೇ. ಹೇಗೆ ಮಾಡಿದರೆ ಸರಿಹೋಗುತ್ತದೆ?

ಉತ್ತರ: ಜನ ಇಣುಕಿ ನೋಡಿ ಹೋದರು ಎಂದು ಬರೆದಿದ್ದೀರಲ್ಲ, ಕಾರಣವೆಲ್ಲ ಅದರಲ್ಲೇ ಇದೆ. ಎಷ್ಟೇ ಬಾಯಾರಿದ್ದರೂ ದಾರಿಹೋಕರು ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಈ ನೀರು ಯಾವಾಗ ತುಂಬಿದ್ದು? ಯಾರಾದರೂ ಕೈ ಅದ್ದಿದ್ದಾರೋ? ಬಾಯಿ ತೆರೆದ ಹರವಿ, ಮೇಲೊಂದು ಒದ್ದೆ ಲೋಟ, ಈ ಎರಡಕ್ಕೂ ಉತ್ತರ ಹೇಳುವುದಿಲ್ಲ. ಆದ್ದರಿಂದ ಈ ಸಲ ನೀವು ಮಾಡಬೇಕಾದ ಮೊದಲ ಬದಲಾವಣೆ ತೀರ ಚಿಕ್ಕದು: ಹರವಿಯ ಬಾಯಿ ಮುಚ್ಚಿ, ಕೆಳಗೆ ನಲ್ಲಿ ಕೂರಿಸಿ, ಪಕ್ಕದಲ್ಲಿ ಮಕ್ಕಳ ಸ್ಲೇಟೊಂದನ್ನು ತೂಗುಹಾಕಿ. ಸ್ಲೇಟಿನ ಮೇಲೆ ದಿನವೂ ಹೊಸದಾಗಿ ಬರೆಯಬೇಕಾದದ್ದು ಇಷ್ಟು: 'ಕುಡಿಯುವ ನೀರು. ಎಲ್ಲರಿಗೂ. ನಿನ್ನೆ ರಾತ್ರಿ ತುಂಬಿದ್ದು', ಕೆಳಗೆ ಆ ದಿನದ ತಾರೀಖು. ಓದು ಬಾರದವರಿಗೆ, ಬೇರೆ ರಾಜ್ಯದಿಂದ ದುಡಿಯಲು ಬಂದವರಿಗೆ ತಿಳಿಯುವಂತೆ ಒಂದು ಲೋಟದ ಚಿತ್ರ ಇರಲಿ. ಅಳಿಸಿ ಬರೆದ ತಾರೀಖು ಹುಟ್ಟಿಸುವ ನಂಬಿಕೆಯನ್ನು ಬಣ್ಣದ ಬೋರ್ಡು ಹುಟ್ಟಿಸಲಾರದು. ಬೀದಿಯ ಶಾಲಾ ಮಗುವೊಂದಕ್ಕೆ ಆ ತಾರೀಖು ಬರೆಯುವ ಕೆಲಸ ವಹಿಸಿಬಿಡಿ. ಮಗು ಅದನ್ನು ಮರೆಯುವುದಿಲ್ಲ, ನಿಮಗೂ ಮರೆಯಲು ಬಿಡುವುದಿಲ್ಲ.

ನೀರು ಎಲ್ಲಿಂದ ತರುತ್ತೀರಿ ಎಂಬುದನ್ನು ಹರವಿ ಕೊಳ್ಳುವ ಮೊದಲೇ ತೀರ್ಮಾನಿಸಿ. ನಿಮ್ಮ ಜಿಲ್ಲೆ, ಪಕ್ಕದ ರಾಯಚೂರು, ಗದಗ, ಇತ್ತ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪಿಗೆ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಅಂಶ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಹರವಿಗೆ ತುಂಬಬೇಡಿ. ಜಲ ಜೀವನ್ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಅದನ್ನು ಬಳಸಲು ಹೆಣ್ಣುಮಕ್ಕಳಿಗೆ ತರಬೇತಿಯೂ ಆಗಿದೆ. ಕಿಟ್ ಸಿಗದಿದ್ದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಲೀಟರ್ ಮಾದರಿ ಒಯ್ದು ಕೊಡಿ.

ಪರೀಕ್ಷೆಯ ತೊಡಕೇ ಬೇಡವೆಂದರೆ ನಾಣ್ಯ ಹಾಕಿ 20 ಲೀಟರ್ ತುಂಬಿಸುವ ಶುದ್ಧ ನೀರಿನ ಘಟಕವಿದೆ. ಘಟಕ ಚೆನ್ನಾಗಿ ನಡೆಯುತ್ತಿದ್ದರೆ ಅಲ್ಲಿಯ ನೀರು ಒಳ್ಳೆಯದೇ; ಹಾಳಾಗುವುದು ನಮ್ಮ ಕ್ಯಾನಿನಲ್ಲಿ. ಬಿಸಿಲಿನಲ್ಲಿಟ್ಟ ಕ್ಯಾನಿನ ಒಳಮೈಗೆ ಹಸಿರು ಪಾಚಿ, ಬೆರಳಿಗೆ ಜಾರುವ ಲೋಳೆ ಅಂಟುತ್ತದೆ. ಎರಡು ಹಿಡಿ ದಪ್ಪ ಉಪ್ಪು, ಒಂದು ಲೀಟರ್ ನೀರು ಹಾಕಿ ಚೆನ್ನಾಗಿ ಕುಲುಕಿ ವಾರಕ್ಕೊಮ್ಮೆ ತೊಳೆದರೆ ಸಾಕು. ಊರಿನ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವುದಾದರೆ ಅದರಲ್ಲಿದ್ದ ಕ್ಲೋರಿನ್ ಅಷ್ಟರೊಳಗೆ ಆರಿಹೋಗಿರುತ್ತದೆ. ಸಂಗ್ರಹಿಸಿದ ನೀರಿಗೆ ಮತ್ತೆ ಕ್ಲೋರಿನ್ ಹಾಕಬೇಕು. 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಎಂಬುದು ಲೆಕ್ಕ. ಮನೆಯ ಡ್ರಮ್ಮಿಗೆ ಆ ಲೆಕ್ಕದಲ್ಲಿ ಅಳೆಯುವುದು ಆಗದ ಕೆಲಸ; ಚಿಟಿಕೆ ಲೆಕ್ಕ ಹಿಡಿದರೆ ಒಂದು ದಿನ ಹೆಚ್ಚಾಗಿ ನೀರು ಘಾಟು ಹೊಡೆಯುತ್ತದೆ, ಇನ್ನೊಂದು ದಿನ ಕಡಿಮೆಯಾಗಿ ಹಾಕಿಯೂ ಹಾಕದಂತಾಗುತ್ತದೆ. ಕ್ಲೋರಿನ್ ಮಾತ್ರೆ ತನ್ನಿ, ಎಷ್ಟು ಲೀಟರಿಗೆ ಒಂದು ಎಂಬುದನ್ನು ಪೊಟ್ಟಣದ ಮೇಲೆ ನೋಡಿ, ಸ್ಟೀಲ್ ಅಥವಾ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಹರವಿಗೆ ಸುರಿಯಿರಿ. ಮಾತ್ರೆಯನ್ನು ನೇರವಾಗಿ ಹರವಿಗೆ ಹಾಕಿದರೆ ಅದರ ಶಕ್ತಿ ಒಂದಷ್ಟು ಮಣ್ಣಿನ ಒಳಮೈಯಲ್ಲೇ ಖರ್ಚಾಗುತ್ತದೆ. ಹಿಂದಿನ ರಾತ್ರಿಯೇ ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಕ್ಲೋರಿನ್ ವಾಸನೆಯೂ ಇಳಿದಿರುತ್ತದೆ.

ಇನ್ನು ಹರವಿಯ ಮಾತು. ನಿಮ್ಮ ಕಡೆಯ ಒಣ ಬಿಸಿಲು ಮಣ್ಣಿನ ಪಾತ್ರೆಗೆ ಹೇಳಿ ಮಾಡಿಸಿದ್ದು. ಹರವಿಯ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. 20 ಲೀಟರ್ ನೀರು 10 ಡಿಗ್ರಿ ತಣ್ಣಗಾಗಲು ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಮೂರೂವರೆ ನೂರು ಮಿಲಿಲೀಟರ್ ಆವಿಯಾಗಬೇಕು. ಹೊರಗಿನ ಬಿಸಿ ಸತತ ಒಳಗಿಳಿಯುತ್ತಿರುವುದರಿಂದ ನಿಜದಲ್ಲಿ ಅದಕ್ಕಿಂತ ಹೆಚ್ಚೇ ಬೇಕು. ಅಂದರೆ ಹರವಿ ಬೆವರಲೇಬೇಕು. ಬೆಳಿಗ್ಗೆ ನೋಡಿದಾಗ ನೀರು ಒಂದು ಚೊಂಬು ಕಡಿಮೆಯಾಗಿದ್ದರೆ ಗಾಬರಿ ಬೇಡ, ಹರವಿ ತನ್ನ ಕೆಲಸ ಮಾಡಿದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಇದೇ ಹರವಿ ಮೂರ್ನಾಲ್ಕು ಡಿಗ್ರಿಗಿಂತ ಹೆಚ್ಚು ತಂಪು ಕೊಡದು. ಅಲ್ಲಿಯವರು ಸ್ಟೀಲ್ ಪಾತ್ರೆ ಇಟ್ಟರೂ ನಷ್ಟವಿಲ್ಲ.

ಕೊಳ್ಳುವಾಗ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಚೆನ್ನಾಗಿ ಸುಟ್ಟಿದೆ. ಸದ್ದು ಸತ್ತಂತೆ ಬಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಸುಟ್ಟದ್ದು ಸಾಲದು. ಕೆಮ್ಮಣ್ಣು ಬಳಿದದ್ದು ಪರವಾಗಿಲ್ಲ. ಮಿರಿಮಿರಿ ಮಿಂಚುವ ಎಣ್ಣೆಬಣ್ಣ, ವಾರ್ನಿಷ್ ಹಚ್ಚಿದ್ದು ಬೇಡವೇ ಬೇಡ. ರಂಧ್ರ ಮುಚ್ಚಿಹೋಗಿ ಅದು ತಂಪು ಮಾಡುವುದಿಲ್ಲ, ಬಣ್ಣದ ವಾಸನೆಯೂ ನೀರಿಗೆ ಇಳಿಯುತ್ತದೆ. ಮನೆಗೆ ತಂದ ಮೇಲೆ ಒಂದು ಹಗಲು ಒಂದು ರಾತ್ರಿ ನೀರು ತುಂಬಿಡಿ. ಹೊರಮೈ ಎಲ್ಲ ಕಡೆ ಒಂದೇ ಸಮ ತೇವವಾಗಬೇಕು. ಒಂದೇ ಕಡೆಯಿಂದ ಹನಿ ಇಳಿದರೆ ಅಲ್ಲಿ ಬಿರುಕಿದೆ, ಕುಂಬಾರರಿಗೆ ತೋರಿಸಿ ಬದಲಿಸಿಕೊಳ್ಳಿ. ಮೊದಲ ಎರಡು ದಿನದ ನೀರಿನಲ್ಲಿ ಮಣ್ಣಿನ ವಾಸನೆ ಜೋರಾಗಿರುತ್ತದೆ. ಅದನ್ನು ಗಿಡಕ್ಕೆ ಹಾಕಿ, ಮೂರನೆಯ ದಿನದಿಂದ ಜನರಿಗೆ ಕೊಡಿ.

ಎಷ್ಟು ಹರವಿ ಬೇಕು? ಬೆಳಿಗ್ಗೆ 11ರಿಂದ ಸಂಜೆ 4ರ ನಡುವೆ ನಿಮ್ಮ ಗೇಟಿನ ಮುಂದೆ ನಡೆದು ಹೋಗುವವರನ್ನು ಒಂದು ಗಂಟೆ ಕೂತು ಎಣಿಸಿ. ಎಲ್ಲರೂ ಕುಡಿಯುವುದಿಲ್ಲ, ಆದರೆ ಕುಡಿಯುವವರು ಒಂದು ಲೋಟಕ್ಕೆ ನಿಲ್ಲಿಸುವುದೂ ಇಲ್ಲ. ಬಿಸಿಲಿನಲ್ಲಿ ಮೈಮುರಿದು ದುಡಿಯುವವರ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ. 200 ಮಿಲಿಲೀಟರಿನ ಲೋಟದಲ್ಲಿ ತಲಾ ಎರಡರಂತೆ, ಚೆಲ್ಲುವುದನ್ನೂ ಸೇರಿಸಿ, 20 ಲೀಟರಿನ ಒಂದು ಹರವಿ 45 ಜನಕ್ಕೆ ಬರುತ್ತದೆ. ನಿಮ್ಮ ದಾರಿಗೆ ಎರಡು ಹರವಿ ಸಾಕಾಗಬಹುದು. ಆದರೆ ಕೊಳ್ಳುವಾಗ ಮೂರು ಕೊಳ್ಳಿ. ಎರಡು ಕೆಲಸದಲ್ಲಿದ್ದಾಗ ಮೂರನೆಯದು ಬಿಸಿಲಿನಲ್ಲಿ ಬೋರಲು ಬಿದ್ದು ಒಣಗುತ್ತಿರಲಿ. ಹೀಗೆ ಸರದಿ ನಡೆಸಿದರೆ ಪ್ರತಿ ಹರವಿಗೂ ಮೂರು ದಿನಕ್ಕೊಮ್ಮೆ ಪೂರ್ತಿ ಒಣಗುವ ಅವಕಾಶ ಸಿಗುತ್ತದೆ. ಹೋದ ವರ್ಷ ನಿಮ್ಮ ನೀರು ವಾಸನೆ ಬಂದದ್ದು ಈ ಬಿಡುವು ಇಲ್ಲದೆ. ಒದ್ದೆಯಾಗಿಯೇ ಇರುವ ಮಣ್ಣಿನ ಒಳಮೈಗೆ ವಾರದೊಳಗೆ ಲೋಳೆ ಕಟ್ಟುತ್ತದೆ. ಮೇಲೆ ಮೇಲೆ ಹೊಸ ನೀರು ಸುರಿದರೆ ಆ ಲೋಳೆ ಹೋಗುವುದಿಲ್ಲ.

ತೊಳೆಯಲು ಸೋಪು, ಪಾತ್ರೆ ತಿಕ್ಕುವ ಪುಡಿ ಬೇಡ. ಮಣ್ಣು ಅವನ್ನು ಹೀರಿಕೊಂಡು ಮರುದಿನ ನೀರಿಗೆ ಬಿಡುತ್ತದೆ. ತೆಂಗಿನ ನಾರು, ಒಂದು ಹಿಡಿ ಉಪ್ಪು, ಬಿಸಿನೀರು ಸಾಕು. ಕೈ ಒಳಗೆ ಹೋಗುವಷ್ಟು ಬಾಯಗಲದ ಹರವಿಯನ್ನೇ ಆರಿಸಿಕೊಳ್ಳಿ ಎನ್ನುವುದು ಇದಕ್ಕಾಗಿ. ಗಡಸು ನೀರಾದರೆ ಹೊರಮೈಗೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನೂ ನಾರಿನಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ರಂಧ್ರ ಕಟ್ಟಿಕೊಂಡು ಹರವಿ ಬೆವರುವುದನ್ನೇ ನಿಲ್ಲಿಸುತ್ತದೆ. ಒಂದು ಬೇಸಿಗೆ ದುಡಿದ ಹರವಿಯನ್ನು ಮರುವರ್ಷ ನೀರಿಗೆ ಬಳಸದೆ ಹೊಸದು ತರುವುದು ಒಳ್ಳೆಯದು, ಕುಂಬಾರರ ಮನೆಗೂ ಒಂದು ವ್ಯಾಪಾರ ಆದೀತು.

ನಲ್ಲಿ ಕೂರಿಸಿದ ಹರವಿ ಈಗ ಸಂತೆಯಲ್ಲೇ ಸಿಗುತ್ತದೆ. ನಲ್ಲಿ ತಳದಿಂದ ಮೂರು ಬೆರಳು ಮೇಲಿರಬೇಕು, ಆಗ ತಳಕ್ಕಿಳಿದ ಮಡ್ಡಿ ಲೋಟಕ್ಕೆ ಬರುವುದಿಲ್ಲ. ಒಳಗೊಂದು ಹೊರಗೊಂದು ರಬ್ಬರ್ ವಾಷರ್ ಹಾಕಿ, ಕೈಯಿಂದಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಮಣ್ಣು ಸೀಳುತ್ತದೆ. ನಲ್ಲಿಯ ಎತ್ತರ ನೆಲದಿಂದ ಎರಡೂವರೆ ಅಡಿ ಇರಲಿ, ಸೊಂಟ ನೋವಿನ ಮುದುಕರೂ ಬಗ್ಗದೆ ಹಿಡಿಯಬಹುದು, ಮಗುವಿಗೂ ಕೈಗೆಟುಕುತ್ತದೆ. ಬಾಟಲಿ ಹಿಡಿಯಲು ನಲ್ಲಿಯ ಕೆಳಗೆ ಒಂದಡಿ ಜಾಗ ಬಿಡಿ. ದೂರದೂರಿಗೆ ಬಸ್ ಹತ್ತುವವರಿಗೆ, ದಿನವೆಲ್ಲ ಬೈಕಿನ ಮೇಲೆ ಪಾರ್ಸಲ್ ಹಂಚುವ ಹುಡುಗರಿಗೆ ಒಂದು ಲೋಟ ನೀರಿಗಿಂತ ಒಂದು ಬಾಟಲಿ ನೀರೇ ಹೆಚ್ಚಿನ ಉಪಕಾರ. 'ಬಾಟಲಿ ತುಂಬಿಸಿಕೊಳ್ಳಿ' ಎಂದು ಸ್ಲೇಟಿನಲ್ಲಿ ಸೇರಿಸಿ. ಆ ಮಾತು ಬರೆದಿಲ್ಲದ ಕಡೆ ಜನ ಸಂಕೋಚಪಟ್ಟು ಬಾಟಲಿಯನ್ನು ಚೀಲದಿಂದ ಹೊರತೆಗೆಯುವುದೇ ಇಲ್ಲ.

ಹರವಿಯನ್ನು ಗೇಟಿನ ಹೊರಗೆ ಇಡುವ ಬದಲು ಕಾಂಪೌಂಡಿನ ಒಳಗೇ ಕಟ್ಟೆ ಮಾಡಿ, ನಲ್ಲಿ ಮಾತ್ರ ರಸ್ತೆಗೆ ಮುಖ ಮಾಡುವಂತೆ ಮಾಡಿದರೆ ರಸ್ತೆ ಜಾಗದ ತಕರಾರು ಬರುವುದಿಲ್ಲ, ರಾತ್ರಿ ನಾಯಿ ಮುಟ್ಟುವುದಿಲ್ಲ. ಹೊರಗೇ ಇಡಬೇಕಾದರೆ ಪುರಸಭೆಗೆ ಒಂದು ಚೀಟಿ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ. ಬೇವಿನ ಮರದ ನೆರಳಿದ್ದರೆ ಅದಕ್ಕಿಂತ ಬೇರೆ ಚಪ್ಪರ ಬೇಡ. ಇಲ್ಲವಾದರೆ ಜೋಳದ ದಂಟಿನದೋ ತೆಂಗಿನ ಗರಿಯದೋ ಚಪ್ಪರ ಹಾಕಿ. ತಗಡಿನ ಶೀಟು ತಲೆಯ ಮೇಲೇ ಇದ್ದರೆ ಅದರ ಕಾವು ಕೆಳಗಿಳಿದು ಹರವಿಯ ಶ್ರಮ ವ್ಯರ್ಥ. ಸುತ್ತಲೂ ಗಾಳಿ ಆಡಲಿ. ಚೆಂದಕ್ಕೆಂದು ಮೂರು ಕಡೆ ಗೋಡೆ ಕಟ್ಟಿದ ಗೂಡಿನಲ್ಲಿ ಹರವಿ ಇಟ್ಟರೆ ಗಾಳಿಯಿಲ್ಲದೆ ನೀರು ತಣ್ಣಗಾಗುವುದಿಲ್ಲ. ಹರವಿಯ ಕೆಳಗೆ ಒಂದು ಅಗಲ ಬಾಣಲೆಯಲ್ಲಿ ಮರಳು ತುಂಬಿ, ಅದನ್ನು ತೇವವಾಗಿಡಿ. ಹರವಿ ಅಲುಗದೆ ಕೂರುತ್ತದೆ, ತಳವೂ ತಂಪಾಗಿರುತ್ತದೆ. ಆ ಮರಳಿಗೆ ಒಂದು ಹಿಡಿ ರಾಗಿ ಚೆಲ್ಲಿದರೆ ನಾಲ್ಕೈದು ದಿನದಲ್ಲಿ ಹರವಿಯ ಸುತ್ತ ಹಸಿರು ಚಿಗುರುತ್ತದೆ. ಅದರಿಂದ ತಂಪೇನೂ ಹೆಚ್ಚುವುದಿಲ್ಲ, ಆದರೆ ಏಪ್ರಿಲ್ಲಿನ ಬಿಸಿಲಿನಲ್ಲಿ ನಡೆದು ಬಂದವರ ಕಣ್ಣಿಗೆ ಅಷ್ಟು ಹಸಿರು ಕಾಣುವುದು ಸಣ್ಣ ಮಾತಲ್ಲ. ಒಂದು ಹಿಡಿ ಲಾವಂಚದ ಬೇರನ್ನು ಚೆನ್ನಾಗಿ ತೊಳೆದು, ದಾರದಲ್ಲಿ ಕಟ್ಟಿ ಹರವಿಯೊಳಗೆ ಬಿಟ್ಟರೆ ನೀರಿಗೆ ಒಳ್ಳೆಯ ಪರಿಮಳ. ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಿ, ಹದಿನೈದು ದಿನಕ್ಕೆ ಬೇರು ಬದಲಿಸಿ.

ರಾಡಿಗೆ ಉಪಾಯ ಸುಲಭ. ನಲ್ಲಿಯ ಕೆಳಗೆ ಎರಡಡಿ ಉದ್ದ, ಎರಡಡಿ ಅಗಲ, ಒಂದಡಿ ಆಳ ತೋಡಿ ಜಲ್ಲಿ ತುಂಬಿ. ಅದರ ಅಂಚಿಗೆ ಒಂದು ಬಾಳೆ ಅಥವಾ ಕೆಸುವಿನ ಗಿಡ ನೆಟ್ಟರೆ ಚೆಲ್ಲಿದ ನೀರೆಲ್ಲ ಅದಕ್ಕೇ ಹೋಗುತ್ತದೆ. ಪಕ್ಕದ ಮನೆಯವರ ಬೇಸರ ಹೋಗಲು ಇನ್ನೊಂದು ದಾರಿಯೂ ಇದೆ: ಹರವಿ ಇಡುವ ಮೊದಲೇ ಹೋಗಿ, ವಾರದಲ್ಲಿ ಒಂದು ದಿನ ನೀವು ತುಂಬಿಸುತ್ತೀರಾ ಎಂದು ಕೇಳಿ. ಇಲ್ಲ ಎನ್ನುವವರು ಕಡಿಮೆ. ಇಬ್ಬರೇ ಇರುವ ಮನೆಗೆ ಎರಡು ತಿಂಗಳ ಕೆಲಸ ಎಂದರೆ ನಡುವೆ ಒಂದು ಜ್ವರ, ಒಂದು ಮದುವೆ, ಒಂದು ಊರ ಜಾತ್ರೆ ಬಂದೇ ಬರುತ್ತದೆ. ಆ ದಿನಗಳಿಗೆ ಇನ್ನೊಬ್ಬರ ಕೈ ಬೇಕು. ಯಾರೂ ಸಿಗದ ದಿನ ಹರವಿ ಬರಿದು ಮಾಡಿ ಬೋರಲು ಹಾಕಿ, ಸ್ಲೇಟಿನಲ್ಲಿ 'ನಾಳೆ ನೀರಿದೆ' ಎಂದು ಬರೆದು ಹೋಗಿ. ಹಳೆಯ ನೀರು ಬಿಟ್ಟುಹೋಗುವುದಕ್ಕಿಂತ ಖಾಲಿ ಹರವಿ ಮೇಲು.

ಲೋಟದ ವಿಷಯದಲ್ಲಿ ಸರಪಳಿ ಕಟ್ಟಬೇಡಿ. ಸರಪಳಿ ಬಹುಬೇಗ ಕೊಳೆಯಾಗುತ್ತದೆ, ಲೋಟವನ್ನು ತಲೆಯೆತ್ತಿ ಬಾಯಿಗೆ ಮೇಲಿಂದ ಸುರಿದುಕೊಳ್ಳುವ ನಮ್ಮ ರೂಢಿಗೆ ಅಡ್ಡ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬಾಯಾರಿ ಬಂದವರನ್ನು ಕಳ್ಳರಂತೆ ನೋಡಿದ ಹಾಗಾಗುತ್ತದೆ. ಅಂಚು ಸ್ವಲ್ಪ ಹೊರಕ್ಕೆ ಮಡಿಸಿದ ಸ್ಟೀಲ್ ಲೋಟ ನಾಲ್ಕು ತನ್ನಿ, ಎರಡು ಹೊರಗೆ, ಎರಡು ಒಳಗೆ. ಎರಡು ತಿಂಗಳಲ್ಲಿ ಎರಡು ಲೋಟ ಹೋದರೆ ಹೋಗಲಿ, ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಸೋಪು ಹಚ್ಚಿ ತೊಳೆದು ತಂತಿಯ ಬುಟ್ಟಿಯಲ್ಲಿ ಬೋರಲು ಇಡಿ. ಪ್ಲಾಸ್ಟಿಕ್ ಲೋಟದ ಯೋಚನೆ ಬಿಡಿ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ ದೇಶದಲ್ಲೇ ನಿಷಿದ್ಧ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ, ಸಂಜೆಗೆ ಅದು ನಿಮ್ಮ ಗೇಟಿನ ಮುಂದೆಯೇ ಗುಡ್ಡೆ ಬೀಳುತ್ತದೆ.

ಬೇರೆ ಲೋಟದ ಬಗ್ಗೆ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಇಡಬಾರದು. ಒಂದೇ ನಲ್ಲಿ, ಒಂದೇ ಸಾಲು ಲೋಟ, ಯಾರಾದರೂ ಯಾವುದನ್ನಾದರೂ ತೆಗೆದುಕೊಳ್ಳಬಹುದು. ಈ ನಾಡಿನ ಕೆರೆ ಬಾವಿಗಳ ಬಳಿ ತಲೆತಲಾಂತರದಿಂದ ಎಷ್ಟೋ ಜನ ದೂರ ನಿಂತು ಯಾರಾದರೂ ಮೇಲಿಂದ ನೀರು ಸುರಿಯಲೆಂದು ಕಾದಿದ್ದಾರೆ. 1927ರಲ್ಲಿ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ಅಂಬೇಡ್ಕರರು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಕುಡಿಯುವ ನೀರಿನ ಜಾಗದಲ್ಲಿ ಅಸ್ಪೃಶ್ಯತೆ ಆಚರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಡಿ ಅಪರಾಧ ಎಂಬುದನ್ನೂ ಹಿರಿಯರಿಗೆ ತಿಳಿಸಿ. ಅದಕ್ಕೂ ಮೊದಲು ಇಷ್ಟು ಹೇಳಿ: ನಸುಕಿನಲ್ಲಿ ನಿಮ್ಮ ಬೀದಿ ಗುಡಿಸುವವರು ಬಿಸಿಲೇರುವ ಹೊತ್ತಿಗೆ ನಾಲ್ಕೈದು ಗಂಟೆ ದುಡಿದಿರುತ್ತಾರೆ, ಅರವಟ್ಟಿಗೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಅವರಿಗಿದೆ. ಹಿರಿಯರ ಅಂಜಿಕೆ ರೋಗದ್ದಾದರೆ ಅದಕ್ಕೆ ಮದ್ದು ಎಲ್ಲ ಲೋಟಗಳನ್ನೂ ಮೂರು ಹೊತ್ತು ತೊಳೆಯುವುದು. ಮೊದಲ ದಿನ ಹರವಿ ತುಂಬಿದ ಮೇಲೆ ಪೌರಕಾರ್ಮಿಕರನ್ನೇ ಕರೆದು ಮೊದಲ ಲೋಟ ಕೊಡಿ, ಅದೇ ಲೋಟದಲ್ಲಿ ನೀವೂ ಕುಡಿಯಿರಿ. ಬೀದಿಗೆ ಬೇರೆ ಫಲಕ ಬೇಕಾಗುವುದಿಲ್ಲ.

ನೀರು ಕುಡಿಯುವವರನ್ನು ಬಾಗಿಲಲ್ಲಿ ನಿಂತು ನೋಡಬೇಡಿ, ಫೋಟೊ ತೆಗೆಯಬೇಡಿ. ಸಿಸಿಟಿವಿ ಇದ್ದರೆ ನಲ್ಲಿಯ ಕಡೆ ಮುಖ ಮಾಡಿರದಂತೆ ತಿರುಗಿಸಿ. ದಾನಿಗಳ ಹೆಸರಿನ ದೊಡ್ಡ ಬ್ಯಾನರ್ ಕಂಡ ಕಡೆ ಸಂಕೋಚದ ಜನ ನಿಲ್ಲುವುದಿಲ್ಲ. ಒಂದು ಕಲ್ಲುಬೆಂಚು, ಇಲ್ಲವೇ ಎರಡು ಸ್ಟೂಲು ನೆರಳಲ್ಲಿಡಿ. ತಲೆಹೊರೆ ಇಳಿಸಲು ಎದೆಮಟ್ಟದ ಒಂದು ಕಟ್ಟೆ ಇದ್ದರೆ ತರಕಾರಿ ಬುಟ್ಟಿ, ಹೂವಿನ ಬುಟ್ಟಿ ಹೊತ್ತವರು ಯಾರ ಸಹಾಯವೂ ಇಲ್ಲದೆ ಇಳಿಸಿ, ಮತ್ತೆ ಹೊತ್ತುಕೊಳ್ಳಬಹುದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಬೆಲ್ಲದ ಚೂರು ಇಟ್ಟರೆ ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಮನೆಗಳ ಪದ್ಧತಿ ಬೀದಿಗೂ ಬಂದಂತೆ. ಇರುವೆ ಬಾರದಿರಲು ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ, ಆ ತಟ್ಟೆಯ ನೀರನ್ನೂ ದಿನಾ ಚೆಲ್ಲಿ.

ದಿನದ ಕೆಲಸವನ್ನು ಹೀಗೆ ಹೊಂದಿಸಿಕೊಳ್ಳಿ. ಸಂಜೆ 7ಕ್ಕೆ ಉಳಿದ ನೀರನ್ನು ಗಿಡಕ್ಕೆ ಸುರಿದು, ಹರವಿ ಉಜ್ಜಿ ತೊಳೆದು, 8ರ ಹೊತ್ತಿಗೆ ಹೊಸ ನೀರು ತುಂಬಿ. ರಾತ್ರಿಯ ಗಾಳಿಗೆ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬೆಳಿಗ್ಗೆ ತುಂಬಿದ ಹರವಿ ಮಧ್ಯಾಹ್ನಕ್ಕೆ ಇನ್ನೂ ಉಗುರುಬೆಚ್ಚಗೇ ಇರುತ್ತದೆ. ಹೋದ ವರ್ಷ ಜನ ಹಿಂದೆ ಸರಿಯಲು ಇದೂ ಒಂದು ಕಾರಣ ಇದ್ದೀತು. ಬಾಯಿಗೆ ತೆಳು ಹತ್ತಿ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಹಾಕಿ. ಬೆಳಿಗ್ಗೆ ತಾರೀಖು, ಲೋಟ. ಮಧ್ಯಾಹ್ನ 1ಕ್ಕೆ ಒಮ್ಮೆ ಲೋಟ ತೊಳೆದು, ನೀರಿನ ಮಟ್ಟ ನೋಡಿ. ಒಟ್ಟು ಅರ್ಧ ಗಂಟೆಯ ಕೆಲಸ. ಅಂಗಡಿಯ ಐಸ್ ತಂದು ಹಾಕುವುದು ಬೇಡ, ಮೀನು ಕೆಡದಂತಿಡಲು ಮಾಡಿದ ಐಸ್ ಯಾವ ನೀರಿನದೋ ಗೊತ್ತಾಗುವುದಿಲ್ಲ.

ಇನ್ನು ಮಜ್ಜಿಗೆ. 50 ಜನಕ್ಕೆ 10 ಲೀಟರ್ ಬೇಕು: 2 ಲೀಟರ್ ಮೊಸರು, 8 ಲೀಟರ್ ನೀರು, 40 ಗ್ರಾಂ ಉಪ್ಪು, ಅಂದರೆ ತಲೆ ಸವರಿದ 7 ಚಹಾ ಚಮಚ. 50 ಗ್ರಾಂ ಹಸಿಶುಂಠಿ, 6 ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಒಂದು ಸಣ್ಣ ಕಟ್ಟು ಕೊತ್ತಂಬರಿ, ಅರ್ಧ ಚಮಚ ಇಂಗು ರುಬ್ಬಿ, ರಸವನ್ನು ಸೋಸಿ ಬೆರೆಸಿ. ಗಸಿ ಹಾಗೇ ಬಿಟ್ಟರೆ ಗಟಗಟ ಕುಡಿಯುವ ಮಕ್ಕಳ ಗಂಟಲಿಗೆ ಮೆಣಸಿನಕಾಯಿ ಸಿಕ್ಕುತ್ತದೆ. ರಾತ್ರಿ 10ಕ್ಕೆ ಹೆಪ್ಪು ಹಾಕಿ, ಬೆಳಿಗ್ಗೆ 6ಕ್ಕೆ ಕಡೆದು ಬೆಣ್ಣೆ ತೆಗೆಯಿರಿ. ಬೆಣ್ಣೆ ತೆಗೆದ ಮಜ್ಜಿಗೆ ಹಗುರ, ಬಿಸಿಲಿಗೆ ಹಿತ. ಒಗ್ಗರಣೆ ಬೇಡ, ಎಣ್ಣೆ ಪಾತ್ರೆಗೂ ಲೋಟಕ್ಕೂ ಹತ್ತಿ ತೊಳೆಯುವ ಕೆಲಸ ಎರಡು ಪಟ್ಟಾಗುತ್ತದೆ. ಎಲ್ಲಕ್ಕಿಂತ ಮುಖ್ಯ: ಹತ್ತೂ ಲೀಟರನ್ನು ಒಮ್ಮೆಲೇ ಕಲಸಬೇಡಿ. ಗಟ್ಟಿ ಮಜ್ಜಿಗೆಯನ್ನು ಒಳಗೆ ತಂಪಿನಲ್ಲಿಟ್ಟು, ಮೂರು ಮೂರು ಲೀಟರ್ ಮಾತ್ರ ಹೊರಗೆ ತನ್ನಿ. 38-40 ಡಿಗ್ರಿಯಲ್ಲಿ ಕಲಸಿಟ್ಟ ಮಜ್ಜಿಗೆ ಮೂರು ಗಂಟೆಯಲ್ಲಿ ಹುಳಿ ತಿರುಗುತ್ತದೆ. ಸ್ಟೀಲ್ ಪಾತ್ರೆಯಲ್ಲೇ ಇಡಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿಟ್ಟರೆ ಹುಳಿಗೆ ಕಿಲುಬು ಬಿಟ್ಟು ಕುಡಿದವರಿಗೆ ವಾಂತಿಯಾಗುತ್ತದೆ. ನೀರಿನ ಹರವಿಗೂ ಮಜ್ಜಿಗೆ ಹಾಕಬೇಡಿ, ಜಿಡ್ಡು ಹೀರಿದ ಹರವಿ ಮತ್ತೆ ನೀರಿಗೆ ಬರುವುದಿಲ್ಲ.

ರಾಮನವಮಿಗೆ ಪಾನಕ ಮಾಡುವುದಾದರೆ 10 ಲೀಟರಿಗೆ 1.2 ಕಿಲೋ ಬೆಲ್ಲ, 20 ಏಲಕ್ಕಿ, ಎರಡು ಚಮಚ ಕಾಳುಮೆಣಸಿನ ಪುಡಿ, ಎರಡು ಚಮಚ ಒಣಶುಂಠಿ, 10 ನಿಂಬೆಹಣ್ಣು, ಚಿಟಿಕೆ ಉಪ್ಪು. ಬೆಲ್ಲವನ್ನು ಮೊದಲೇ ಕರಗಿಸಿ ಎರಡು ಸಲ ಸೋಸಿ, ಮರಳು, ಕಬ್ಬಿನ ಸಿಪ್ಪೆ ಬರುತ್ತದೆ. ಕೊಡುವಾಗ 'ಬೆಲ್ಲದ್ದು' ಎಂದು ಹೇಳಿಯೇ ಕೊಡಿ, ಸಕ್ಕರೆ ಕಾಯಿಲೆಯವರಿಗೆ ಪಕ್ಕದಲ್ಲಿ ಮಜ್ಜಿಗೆ ಇರಲಿ.

ಬಿಸಿಲು ಬಡಿದವರು ನಿಮ್ಮ ಗೇಟಿನ ಬಳಿಯೇ ಕುಸಿಯಬಹುದು, ಅದಕ್ಕೂ ಸಿದ್ಧವಿರಿ. ತಲೆಸುತ್ತು, ಸುಸ್ತು ಎನ್ನುವವರನ್ನು ನೆರಳಿನಲ್ಲಿ ಕೂರಿಸಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಇಲ್ಲದಿದ್ದರೆ ಅದೇ ಒಂದು ಲೀಟರಿಗೆ ತಲೆ ಸವರಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಾತು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬೇರೆ ಮಾತು. 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ.

ಹಕ್ಕಿಗೆ, ನಾಯಿಗೆ, ದನಕ್ಕೆ ಬೇರೆಬೇರೆ ಪಾತ್ರೆ ಇಡಿ. ಹಕ್ಕಿಗೆ ಎರಡು ಬೆರಳಿಗಿಂತ ಆಳ ಬೇಡ. ಒರಟು ಮೈಯ ಮಣ್ಣಿನ ತಟ್ಟೆಯಲ್ಲಿ ನೀರಿನಿಂದ ಮೇಲೆ ತಲೆ ಎತ್ತುವ ನಾಲ್ಕು ಕಲ್ಲು ಇಟ್ಟರೆ ಜೇನುಹುಳವೂ ಮುಳುಗದೆ ಕುಡಿಯುತ್ತದೆ. ಬೆಕ್ಕು ಅಡಗುವ ಪೊದೆಯಿಂದ ಎರಡು ಮಾರು ದೂರವಿರಲಿ. ಈ ತಟ್ಟೆಗಳನ್ನೂ ದಿನಾ ಚೆಲ್ಲಿ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆ ಪಾತ್ರೆಯ ಅಂಚಿಗೆ ಮೊಟ್ಟೆ ಅಂಟಿಸುತ್ತದೆ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಬರೀ ನೀರು ಚೆಲ್ಲಿದರೆ ಅಂಚಿನ ಮೊಟ್ಟೆ ಹೋಗುವುದಿಲ್ಲ.

ಮುಂಗಾರು ಹಿಡಿದ ಮೇಲೆ ಹರವಿ ತೊಳೆದು, ನಾಲ್ಕು ದಿನ ಬಿಸಿಲು ಸಿಕ್ಕಾಗ ಪೂರ್ತಿ ಒಣಗಿಸಿ, ನಲ್ಲಿ ಬಿಚ್ಚಿ ಬೇರೆ ಇಡಿ. ಹಾಗೇ ಬಿಟ್ಟರೆ ವಾಷರ್ ಅಂಟಿಕೊಂಡು ಮುಂದಿನ ಸಲ ತೆಗೆಯುವಾಗ ಹರವಿ ಒಡೆಯುತ್ತದೆ. ಹಳೆಯ ಹರವಿಗೆ ಮಣ್ಣು ತುಂಬಿ ಗಿಡ ನೆಡಬಹುದು, ನಲ್ಲಿಯ ರಂಧ್ರದಿಂದಲೇ ಹೆಚ್ಚಿನ ನೀರು ಬಸಿದುಹೋಗುತ್ತದೆ. ಸದ್ಯಕ್ಕೆ ಯುಗಾದಿಗೆ ಹದಿನೈದು ದಿನ ಮೊದಲೇ ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್ ಎಷ್ಟು ಬಂತೆಂದು ಬರೆದು ತಿಳಿಸಿದರೆ ಆ ನೀರನ್ನು ಜನರಿಗೆ ಕೊಡಬಹುದೋ, ಗಿಡಕ್ಕೆ ಮಾತ್ರ ಇಟ್ಟುಕೊಳ್ಳಬೇಕೋ ಎಂಬುದನ್ನು ಹೇಳಬಹುದು.